ಕೆರೆಯ ಹಾವಿಗೆ ಅಂಜಿ ಏರಿಯ ಹಾವಿಗೆ ಬಲಿ!

ಮಟಮಾರಿ: ರಾಯಚೂರು ಬಿಟ್ಟು ಗುಂತಕಲ್ಲಿನ ಕಡೆಗೆ ಹೊರಟ ರೈಲು ತುಂಗಭದ್ರೆಯ ಸೇತುವೆ ಮುಟ್ಟುವ ಮುಂಚೆ ಸಿಗುವ ಸ್ಟೇಷನ್ನು ಮಟಮಾರಿ. ಎರೆ ಹೊಲ, ಅಲ್ಲಲ್ಲಿ ಕಲ್ಲುಗುಡ್ಡ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಎರಡು ಹೊಳೆಗಳ ನಡುವೆ ಕೂತಿದ್ದರೂ ಈ ಸೀಮೆಯ ಊರುಗಳಿಗೆ ನೀರು ಅಂದರೆ ಕೆರೆಯ ನೀರೇ. ಮರ್ಚೇಡ್, ಮನ್ಸಲಾಪುರ ಎಂದು ಹೆಸರು ಇರುವ ಕೆರೆಗಳೂ ಉಂಟು, ಹೆಸರೇ ಇಲ್ಲದ ಗುಂಡಿಗಳೂ ಉಂಟು. ನೀರು ಇದ್ದಲ್ಲಿ ಮೀನು, ಮೀನು ಇದ್ದಲ್ಲಿ ಬಲೆ, ಬಲೆ ಇದ್ದಲ್ಲಿ ಹಾವು. ಮೀನು ಹಿಡಿಯುವವರ ಮನೆಯಲ್ಲಿ ಇದು ಹೊಸ ಸುದ್ದಿಯೇನಲ್ಲ.

ಹೊಸ ಸುದ್ದಿ ಅಲ್ಲದ್ದಕ್ಕೇ ಇದನ್ನು ಯಾರೂ ಬರೆಯುವುದಿಲ್ಲ. ನಾಗಪ್ಪ ಹೆಡೆ ಬಿಚ್ಚಿ ದೇವರ ಕಲ್ಲಿನ ಮೇಲೆ ಕೂತರೆ ಫೋಟೋ ಸಮೇತ ಪತ್ರಿಕೆಗೆ ಬರುತ್ತದೆ. ಕೆರೆ ಏರಿಯ ಮೇಲೆ ಬಲೆ ಕಾಯಲು ಮಲಗಿದ ಬಡಪಾಯಿ ಬೆಳಗಾಗುವುದರೊಳಗೆ ತಣ್ಣಗಾದರೆ ಊರಿನವರು "ಹಣೆಬರಹ" ಎಂದು ಮಣ್ಣು ಕೊಟ್ಟು ಬರುತ್ತಾರೆ. ಅಲ್ಲಿಗೆ ಮುಗಿಯಿತು.

ಮೊದಲು ಕೆರೆಯ ಒಳಗಿನ ಮಾತು. ಸಂಜೆ ಬಲೆ ಬಿಟ್ಟು ಹೊತ್ತಾರೆ ಎತ್ತುವುದು ಇಲ್ಲಿನ ಪದ್ಧತಿ. ಹರಿದ ಹವಾಯಿ ಚಪ್ಪಲಿಯ ತುಂಡುಗಳೇ ಬಲೆಯ ತೇಲುಗುಂಡು. ಇನ್ನೂ ಮಬ್ಬು ಇರುವಾಗಲೇ ಹರಗೋಲು ನೀರಿಗೆ ಇಳಿಯುತ್ತದೆ. ಅಪ್ಪ ಹುಟ್ಟು ಹಾಕುತ್ತಾನೆ, ಮಗ ಮುಂದೆ ಬಗ್ಗಿ ಬಲೆ ಎಳೆದು ಎಳೆದು ಒಳಗೆ ಹಾಕಿಕೊಳ್ಳುತ್ತಾನೆ. ಒಂದು ಕಟ್ಲಾ, ಎರಡು ರೋಹು, ಒಂದಿಷ್ಟು ಜೊಂಡು, ಆಮೇಲೆ ಕೈಗೆ ಏನೋ ಒರಟಾಗಿ, ತಣ್ಣಗೆ, ಹೊರಳುವ ವಸ್ತು.

"ಯಪ್ಪಾ, ಹಾವ್!"

"ಸುಮ್ಕ ಕುಂದ್ರಲೇ. ಏಳಬ್ಯಾಡ!"

ಅಪ್ಪ ಹಾವಿಗಿಂತ ಮೊದಲು ಮಗನನ್ನು ಗದರುವುದಕ್ಕೆ ಕಾರಣ ಇದೆ. ಹರಗೋಲಿಗೆ ತಳದಲ್ಲಿ ಕೂರು ಇಲ್ಲ, ಮುಂದು ಹಿಂದು ಇಲ್ಲ; ಅದೊಂದು ದೊಡ್ಡ ಬುಟ್ಟಿ. ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಯಲ್ಲಿ ಜನ ಹೊಳೆ ದಾಟುತ್ತಿದ್ದ ದೋಣಿಗಳನ್ನು ಬುಟ್ಟಿಗೇ ಹೋಲಿಸಿದ್ದಾನೆ. ಅಂದು ಅದಕ್ಕೆ ತೊಗಲಿನ ಹೊದಿಕೆ, ಇಂದು ತಾಡಪಾಲು ಇಲ್ಲವೇ ಫೈಬರ್. ಗುಣ ಮಾತ್ರ ಅದೇ. ಎಲ್ಲರೂ ಅಂಡು ಊರಿ ಕೂತಿರುವವರೆಗೆ ಹತ್ತು ಚೀಲ ಹೇರಿದರೂ ಅಲುಗದು. ಒಬ್ಬ ಹೆದರಿ ಎದ್ದು ಒಂದು ಮಗ್ಗುಲಿಗೆ ಹಾರಿದನೋ, ಬುಟ್ಟಿ ಮಗುಚಿತು. ಮಗುಚಿದ ಮೇಲೆ ಕಾಲಿಗೆ ಸುತ್ತುವುದು ಹಾವಲ್ಲ, ನೈಲಾನ್ ಬಲೆ. ಕೆರೆಯ ನಡುವೆ ಹಾವು ಕಂಡಾಗ ಇರುವ ದೊಡ್ಡ ಅಪಾಯ ಇದೇ. ಕಚ್ಚಿಸಿಕೊಂಡವನು ದಂಡೆಗೆ ಬರುತ್ತಾನೆ, ಮುಳುಗಿದವನು ಬರುವುದಿಲ್ಲ.

ಹರಗೋಲು ಇಲ್ಲದವರ ಪಾಡು ಇನ್ನೊಂದು. ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ, ಇಲ್ಲವೇ ಥರ್ಮಾಕೋಲ್ ಹಲಗೆ ಕಟ್ಟಿ, ಅದರ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟು ಕೈಯಿಂದಲೇ ತುಳುಕಿಸಿಕೊಂಡು ಹೋಗುತ್ತಾರೆ. ಇವರಿಗೆ ಹಾವು ಕಂಡರೆ ಎದ್ದು ನಿಲ್ಲಲಿಕ್ಕೂ ಜಾಗ ಇಲ್ಲ, ಓಡಲಿಕ್ಕೂ ಇಲ್ಲ. ಕಾಲು ಮೇಲೆ ಎತ್ತಿಕೊಂಡು ದೇವರ ಹೆಸರು ಹೇಳುವುದಷ್ಟೇ.

ಬಲೆಗೆ ಬೀಳುವವನು ಯಾರು?

ಹಾಗಾದರೆ ಬಲೆಯಲ್ಲಿ ಬಂದ ಆಸಾಮಿ ಯಾರು? ನೂರಕ್ಕೆ ಇಷ್ಟು ಎಂದು ಲೆಕ್ಕ ಕೊಡಲು ಯಾರೂ ಎಣಿಸಿಲ್ಲ. ಆದರೆ ಕೆರೆ, ಗದ್ದೆ, ಕಾಲುವೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನೀರಾವು, ಪುಸ್ತಕದ ಹೆಸರಿನಲ್ಲಿ ನೀರೊಳ್ಳೆ ಹಾವು. ಹಳದಿ ಮಿಶ್ರಿತ ಮಾಸಲು ಮೈ, ಅದರ ಮೇಲೆ ಚದುರಂಗದ ಪಟದಂತೆ ಕರಿ ಚೌಕ. ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾದ ಕರಿ ಗೆರೆ, ಕಾಡಿಗೆ ಸೋರಿದ ಹಾಗೆ. ಮೈ ಮುಟ್ಟಿದರೆ ಒರಟು. ಮೀನು, ಕಪ್ಪೆ ಇದರ ಊಟ. ಮೀನು ಹಿಡಿಯುವವನಿಗೂ ಹಾವಿಗೂ ಕಸುಬು ಒಂದೇ ಆದ್ದರಿಂದ ಭೇಟಿ ತಪ್ಪುವುದಿಲ್ಲ. ಬಲೆಗೆ ಸಿಕ್ಕ ಮೀನು ಪುಕ್ಕಟೆ ಕೂಳು ಎಂದು ಇದು ಬರುತ್ತದೆ, ಕಣ್ಣಿಗೆ ತಲೆ ತೂರಿಸುತ್ತದೆ, ಹಿಂದೆ ಸರಿಯಲು ಹೋದರೆ ನೂಲು ಚಿಪ್ಪಿಗೆ ಸಿಕ್ಕಿ ಬಿಡುವುದಿಲ್ಲ. ಹಾವಿಗೂ ಉಸಿರಿಗೆ ಗಾಳಿ ಬೇಕು. ರಾತ್ರಿಯಿಡೀ ನೀರೊಳಗೆ ಸಿಕ್ಕಿಕೊಂಡ ಎಷ್ಟೋ ನೀರಾವುಗಳು ಬೆಳಗಿಗೆ ಸತ್ತೇ ಮೇಲೆ ಬರುತ್ತವೆ.

ಬದುಕಿದ್ದರೆ ಮಾತ್ರ ಮುಂಗೋಪಿ. ಕೈ ಹಾಕಿದರೆ ಕಚ್ಚದೆ ಬಿಡುವುದಿಲ್ಲ. ಹಲ್ಲು ಹಿಂದಕ್ಕೆ ಬಾಗಿದ್ದು, ಬಿಡಿಸಿಕೊಳ್ಳುವಾಗ ಸೀಳಿ ರಕ್ತ ಧಾರಾಳ ಬರುತ್ತದೆ. ಸಾಲದ್ದಕ್ಕೆ ಸಿಟ್ಟು ಬಂದಾಗ ತಲೆ ಎತ್ತಿ ಕುತ್ತಿಗೆ ಅಗಲ ಮಾಡುತ್ತದೆ. ಇದನ್ನೇ ನೋಡಿ "ನಾಗರಹಾವ್ ಕಡೀತು" ಎಂದು ಊರು ತುಂಬಾ ಗುಲ್ಲು. ನಿಜ ಏನೆಂದರೆ ಇದಕ್ಕೆ ಮನುಷ್ಯನನ್ನು ಕೊಲ್ಲುವ ವಿಷವೇ ಇಲ್ಲ. ಗಾಯವನ್ನು ಸಾಬೂನು ಹಚ್ಚಿ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡರೆ ಮುಗಿಯಿತು.

ಇಲ್ಲೇ ಒಂದು ಎಡವಟ್ಟು ಹುಟ್ಟುತ್ತದೆ. ನೀರಾವು ಕಚ್ಚಿದವನನ್ನು ಮಂತ್ರ ಹಾಕುವವನ ಹತ್ತಿರ ಒಯ್ಯುತ್ತಾರೆ. ಅವನು ಬೇವಿನ ಸೊಪ್ಪು ಬೀಸಿ, ಖಾರ ತಿನ್ನಿಸಿ, ಏನೋ ಗುನುಗಿ ಕಳಿಸುತ್ತಾನೆ. ರೋಗಿ ಎದ್ದು ನಡೆದು ಮನೆಗೆ ಹೋಗುತ್ತಾನೆ. ಏಕೆ ಹೋಗಬಾರದು? ವಿಷವೇ ಏರಿರಲಿಲ್ಲವಲ್ಲ! ಹೀಗೆ ಹತ್ತು ನೀರಾವಿನ ಪುಣ್ಯದಿಂದ ಮಂತ್ರವಾದಿಯ ಕೀರ್ತಿ ಹತ್ತು ಹಳ್ಳಿಗೆ ಹಬ್ಬುತ್ತದೆ. ಹನ್ನೊಂದನೆಯವನನ್ನು ಕೊಳಕುಮಂಡಲ ಕಚ್ಚಿದಾಗ ಅವನನ್ನೂ ಅದೇ ಬಾಗಿಲಿಗೆ ಒಯ್ಯುತ್ತಾರೆ. ಅವನು ಸತ್ತರೆ "ತಡ ಮಾಡಿ ತಂದಿರಿ" ಎಂಬ ಸಬೂಬು ಸಿದ್ಧ. ನೀರಾವು ಪಾಪದ ಪ್ರಾಣಿ. ಆದರೆ ಅದರ ಹೆಸರಿನಲ್ಲಿ ಎಷ್ಟು ಜನರ ಸಾವಿಗೆ ದಾರಿಯಾಗಿದೆಯೋ!

"ನೀರಾಗ ಇದ್ದಾಗ ಹಾವ್ ಕಡಿಯಂಗಿಲ್ಲ" ಎಂಬ ಇನ್ನೊಂದು ಮಾತು ದಂಡೆಯ ಮೇಲೆ ಕೇಳಿಬರುತ್ತದೆ. ಇದು ಸುಳ್ಳು. ನೀರೊಳಗೇ ಮೀನು ಹಿಡಿದು ತಿನ್ನುವ ಪ್ರಾಣಿಗೆ ನೀರೊಳಗೆ ಬಾಯಿ ತೆರೆಯಲು ಬಾರದೆ ಏನು? ಹಾಗೆಯೇ ನೀರಲ್ಲಿ ಈಜುವುದೆಲ್ಲ ನೀರಾವೇ ಎಂದು ತಿಳಿಯುವುದೂ ತಪ್ಪು. ನಾಗರಹಾವು ಚೆನ್ನಾಗಿ ಈಜುತ್ತದೆ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿದಾಗ ಮಂಡಲದ ಹಾವೂ ನೀರು ಪಾಲಾಗಿ ತೇಲಿ ಬರುವುದುಂಟು. ದಣಿದ ಹಾವಿಗೆ ಹರಗೋಲು ಅಂದರೆ ತೇಲುವ ಒಂದು ದಿಮ್ಮಿ ಅಷ್ಟೇ. ದಿಮ್ಮಿ ಹತ್ತಿದ ಹಾಗೆ ಅಂಚು ಹತ್ತುತ್ತದೆ. ಅದು ಬಂದದ್ದು ಕಚ್ಚಲಿಕ್ಕೆ ಅಲ್ಲ, ಕುಂದ್ರಲಿಕ್ಕೆ. ಅನುಭವಸ್ಥರು ಹುಟ್ಟಿನ ಅಗಲ ಭಾಗದಿಂದ ಅದನ್ನು ಮೆಲ್ಲಗೆ ನೀರಿಗೆ ಸರಿಸುತ್ತಾರೆ, ಹೊಡೆಯುವುದಿಲ್ಲ. ಹೊಡೆದ ಪೆಟ್ಟು ತಪ್ಪಿದರೆ ಹಾವು ಒಳಗೇ ಬೀಳುತ್ತದೆ. ಆಮೇಲೆ ಬುಟ್ಟಿಯೊಳಗೆ ಇಬ್ಬರು ಮನುಷ್ಯರು, ಒಂದು ಹಾವು, ಸುತ್ತ ನೀರು.

ಬಲೆಗೆ ಸಿಕ್ಕಿದ್ದನ್ನು ನೀರಿನ ನಡುವೆ ಬಿಡಿಸಲು ಹೋಗಬಾರದು. ಬಲೆಯ ಆ ಭಾಗವನ್ನು ಹಾಗೆಯೇ ಹೊರಗೆ ಜೋತುಬಿಟ್ಟು ದಂಡೆಗೆ ತಂದು, ಎರಡು ಕಣ್ಣು ಕತ್ತರಿಸಿ, ದೂರ ನಿಂತು ಕೋಲಿನಿಂದ ಜಾಡಿಸಿದರೆ ಅದು ತನ್ನ ದಾರಿ ಹಿಡಿಯುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬುದು ಇಲ್ಲಿ ಅಕ್ಷರಶಃ ಸಾಧ್ಯ. ಮುರಿಯುವುದು ಬಲೆಯ ಎರಡು ಕಣ್ಣು ಮಾತ್ರ. ಆದರೆ ಬಲೆ ಸಾಲದ್ದು. ಎರಡು ಕಣ್ಣು ಹೋದರೆ ನಾಳೆ ಆ ತೂತಿನಿಂದ ಎರಡು ಮೀನು ಹೋಗುತ್ತವೆ. ಅದಕ್ಕೇ ಕಲ್ಲು ಎತ್ತಿ ಜಜ್ಜಿ ಎಳೆದು ಒಗೆಯುತ್ತಾರೆ. 1972ರ ವನ್ಯಜೀವಿ ಕಾಯ್ದೆ ಹಾವು ಕೊಲ್ಲುವುದು ಅಪರಾಧ ಅನ್ನುತ್ತದೆ. ಕಾಯ್ದೆ ಓದಿ ಬಲೆ ಬಿಡುವವರು ಯಾರೂ ಇಲ್ಲ. ಶ್ರಾವಣದ ಪಂಚಮಿಗೆ ಉಂಡಿ ಕಟ್ಟಿ, ಜೋಕಾಲಿ ಆಡಿ, ಹುತ್ತಕ್ಕೆ ಹಾಲು ಎರೆಯುವ ಕೈಯೇ ಮರುದಿನ ಕಲ್ಲು ಎತ್ತುತ್ತದೆ. ಅಂದಹಾಗೆ ಹಾವಿಗೆ ಹಾಲು ಆಹಾರವೇ ಅಲ್ಲ.

ಏರಿಯ ಮೇಲಿನ ಕತೆ

ಇಷ್ಟೆಲ್ಲ ಹೆದರಿಕೆ, ಗಲಾಟೆ, ಕಲ್ಲು ಎತ್ತುವುದು ವಿಷವಿಲ್ಲದ ಹಾವಿಗೆ. ದಂಡೆಗೆ ಬಂದು ಕಾಲು ಊರಿದ ಕೂಡಲೇ ಧೈರ್ಯ ಬಂದುಬಿಡುತ್ತದೆ. ಅಲ್ಲಿ ಬರಿಗಾಲು, ಕೈಯಲ್ಲಿ ಬ್ಯಾಟರಿ ಇಲ್ಲ, ಜಾಲಿ ಕಂಟಿಯ ಮಗ್ಗುಲಲ್ಲೇ ಬೀಡಿ ಹಚ್ಚಿ ಕೂರುವುದು, ಬಲೆಯ ರಾಶಿಯನ್ನೇ ತಲೆದಿಂಬು ಮಾಡಿಕೊಂಡು ನೆಲದ ಮೇಲೆ ಮಲಗುವುದು. ಕೊಲ್ಲುವ ಹಾವು ಇರುವುದು ಇಲ್ಲಿ.

ಏರಿ ಅಂದರೆ ಮಣ್ಣು, ಕಲ್ಲು, ಸಂದು, ಬಿಲ. ಏರಿಯ ಕೆಳಗೆ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರಿನ ಎಷ್ಟೋ ಜೋಳದ ಹೊಲಗಳು ಗದ್ದೆಯಾದವು. ಭತ್ತ ಬಂದಲ್ಲಿ ಇಲಿ ಬಂತು, ಇಲಿ ಬಂದಲ್ಲಿ ನಾಗರಹಾವು, ಕೊಳಕುಮಂಡಲ ಬಂದವು. ಕಾಲುವೆಯ ಕೊನೇ ಭಾಗದ ಮಾನ್ವಿ, ರಾಯಚೂರಿನವರಿಗೆ ನೀರು ಬಂದಾಗ ಬಂತು, ಹೋದಾಗ ಹೋಯಿತು. ನಡುರಾತ್ರಿ ಬಂದರೆ ನಡುರಾತ್ರಿಯೇ ಸನಿಕೆ ಹಿಡಿದು ಹೋಗಬೇಕು. ಹೀಗಾಗಿ ಏರಿಯ ಮೇಲೆ ಕತ್ತಲಲ್ಲಿ ತಿರುಗುವವನು ಮೀನಿನವನೂ ಹೌದು, ನೀರು ಕಟ್ಟುವ ರೈತನೂ ಹೌದು. ಇಬ್ಬರ ಕಾಲೂ ಬರಿಗಾಲೇ.

ಕೊಳಕುಮಂಡಲ ದಪ್ಪ ಮೈಯ ಸೋಮಾರಿ ಹಾವು. ಕಂದು ಮೈ ಮೇಲೆ ಸರಪಳಿ ಹೆಣೆದ ಹಾಗೆ ಮೂರು ಸಾಲು ಮಚ್ಚೆ. ಹೆಬ್ಬಾವಿನ ಮರಿ ಎಂದು ಕೈಯಲ್ಲಿ ಹಿಡಿದು ಆಸ್ಪತ್ರೆ ಸೇರಿದವರು ದೇಶದ ತುಂಬ ಇದ್ದಾರೆ. ಓಡಿಹೋಗುವ ಜಾತಿ ಅಲ್ಲ. ಸುರುಳಿ ಸುತ್ತಿ ಕುಕ್ಕರಿನ ಸೀಟಿಯ ಹಾಗೆ ಬುಸುಗುಡುತ್ತದೆ. ಆ ಸದ್ದು ಕೇಳಿದರೆ ನಿಂತಲ್ಲೇ ನಿಂತು ಹಿಂದೆ ಸರಿಯಬೇಕು. ಇದು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು. ಮುಂಗಾರು ಹಿಡಿಯುವ ಹೊತ್ತಿಗೆ ಮರಿಗಳು ಹೊರಬರುತ್ತವೆ, ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ. ಕಲ್ಲು ನೆಲದ ಕಡೆಗೆ ಗರಗಸ ಮಂಡಲ ಎಂಬ ಗೇಣುದ್ದದಿಂದ ಎರಡು ಗೇಣುದ್ದದ ಸಣ್ಣ ಹಾವು ಬೇರೆ. ಸಣ್ಣದೆಂದು ಸಸಾರ ಮಾಡುವ ಹಾಗಿಲ್ಲ. ಈ ಎರಡೂ ಮಂಡಲಗಳ ವಿಷ ಮಾಡುವ ಕೆಲಸ ಒಂದೇ ಬಗೆಯದು: ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವುದು. ಕಾಲು ಊದುತ್ತದೆ, ವಸಡಿನಿಂದ ರಕ್ತ ಜಿನುಗುತ್ತದೆ. ಕೊಳಕುಮಂಡಲವಾದರೆ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಇವಕ್ಕಿಂತ ಮೋಸದ್ದು ಕಟ್ಟುಹಾವು. ಕರ್ರಗೆ ಮಿರಮಿರ ಮಿಂಚುವ ಮೈ, ಅದರ ಮೇಲೆ ತೆಳ್ಳನೆಯ ಬಿಳಿ ಪಟ್ಟಿ. ಹಗಲು ಪಾಪದ್ದು, ರಾತ್ರಿ ತಿರುಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೆ ಮಲಗಲು ಯಾರಿಂದ ಆದೀತು? ಏರಿಯ ಮೇಲಿನ ತಂಪಿಗೆ ಚಾಪೆ ಹಾಸಿ ಮಲಗಿದವನ ಮಗ್ಗುಲಿಗೆ ಇದು ಬರುತ್ತದೆ, ಹೊರಳಿದಾಗ ಕಚ್ಚುತ್ತದೆ. ಕಚ್ಚಿದ್ದು ಇರುವೆ ಕಡಿದಷ್ಟೂ ನೋಯುವುದಿಲ್ಲ, ಗಾಯವೂ ಕಾಣದು. ನಸುಕಿಗೆ ಎದ್ದವನು ಹೊಟ್ಟೆನೋವು ಎನ್ನುತ್ತಾನೆ. ರಾತ್ರಿ ತಿಂದ ಮೀನಿನ ಸಾರು ಹಳಸಿತ್ತೇನೋ ಎಂದು ಮನೆಯವರು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಎಳೆಯುವ ಸ್ನಾಯುಗಳೇ ಕೈಬಿಡುತ್ತವೆ. ನೆಲದ ಮೇಲೆ ಮಲಗಿದ್ದವನು ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಭಾರ ಎಂದರೆ ಸೋಡಾ ಅಲ್ಲ, ಆಸ್ಪತ್ರೆಯ ದಾರಿ ನೋಡಬೇಕು. ಸೊಳ್ಳೆಪರದೆಯನ್ನು ಚಾಪೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಈ ಹಾವಿನ ಆಟ ನಡೆಯುವುದಿಲ್ಲ. ಒಂದು ಸೊಳ್ಳೆಪರದೆ, ಒಂದು ಬ್ಯಾಟರಿ, ಒಂದು ಜೊತೆ ಗಂಬೂಟು. ಬಲೆಗೆ ಸಾಲ ಕೊಡುವವರು ಇದಕ್ಕೂ ಕೊಡಬಹುದು, ಕೇಳುವವರಿಲ್ಲ.

ಬೇಸಿಗೆಗೆ ಇನ್ನೊಂದು ಸಂಕಟ ಇದೆ. ಮಾಗಿ ಕಳೆದು ಕೆರೆ ಬತ್ತುತ್ತ ಬಂದಂತೆ ಮೀನೆಲ್ಲ ನಡುಗುಂಡಿಗೆ ಸೇರುತ್ತವೆ. ಗುತ್ತಿಗೆ ಹಿಡಿದವರಿಗೆ ಅದೇ ಸುಗ್ಗಿ. ಊರ ಹುಡುಗರೆಲ್ಲ ಸೊಂಟದವರೆಗೆ ಕೆಸರಿಗೆ ಇಳಿದು ಕೈಯಿಂದಲೇ ಹಿಡಿಯುತ್ತಾರೆ. ಕಪ್ಪೆ, ಹಾವು, ಮನುಷ್ಯ ಎಲ್ಲರೂ ಒಂದೇ ಗುಂಡಿಗೆ. ಕೈಗೆ ಸಿಕ್ಕಿದ್ದು ಹಾವುಮೀನೋ ಹಾವೋ ಎಂದು ಎಳೆದು ನೋಡಿದ ಮೇಲೇ ಗೊತ್ತು!

ಕಚ್ಚಿದ ಮೇಲಿನ ಒಂದು ತಾಸು

ಕಚ್ಚಿಯೇಬಿಟ್ಟಿತು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ನಡೆಯುವುದು ಏನು? ಹಗ್ಗ ತಂದು ಮೊಣಕಾಲ ಮೇಲೆ ಬಿಗಿಯುತ್ತಾರೆ. ಬ್ಲೇಡಿನಿಂದ ಕುಯ್ಯುತ್ತಾರೆ. ಒಬ್ಬ ಬಾಯಿ ಹಚ್ಚಿ ಹೀರುತ್ತಾನೆ. ಇನ್ನು ನಾಲ್ಕು ಮಂದಿ ಕೋಲು ಹಿಡಿದು ಹಾವು ಹುಡುಕಲು ಹೋಗುತ್ತಾರೆ, ಅದರಲ್ಲಿ ಒಬ್ಬನಿಗೂ ಕಚ್ಚುವುದುಂಟು. ಇಷ್ಟೂ ತಪ್ಪು. ಬಿಗಿದ ಹಗ್ಗ ಕಾಲನ್ನೇ ಕೊಳೆಸುತ್ತದೆ. ಮಂಡಲ ಕಚ್ಚಿದವನ ರಕ್ತ ಮೊದಲೇ ನಿಲ್ಲದು, ಅದರ ಮೇಲೆ ಬ್ಲೇಡಿನ ಗಾಯ ಬೇರೆ. ಹೀರಿದರೆ ವಿಷ ಬರುವುದಿಲ್ಲ.

ಡಾಕ್ಟರರು ಹೇಳುವುದು ಇಷ್ಟೇ. ಕಚ್ಚಿಸಿಕೊಂಡವನಿಗೆ ಧೈರ್ಯ ಹೇಳಿ ಮಲಗಿಸಿ. ಕಾಲುಂಗುರ, ಉಂಗುರ, ಉಡಿದಾರ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಒಂದು ಪಟ್ಟಿ ಕಟ್ಟಿ ಅಲುಗದಂತೆ ಮಾಡಿ. ನಡೆಸಬೇಡಿ, ಹೊತ್ತುಕೊಂಡು ಬನ್ನಿ. 108ಕ್ಕೆ ಫೋನು ಮಾಡಿ. ಕಚ್ಚಿದ ಹೊತ್ತು ನೆನಪಿಡಿ. ಹಾವನ್ನು ಕೊಂದು ತರುವ ಅಗತ್ಯ ಇಲ್ಲ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಎರಡು ಮಂಡಲ, ಹೀಗೆ ನಾಲ್ಕಕ್ಕೂ ಒಂದೇ. ಕುದುರೆಗೆ ವಿಷವನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ತಯಾರಿಸುವುದು. ಕಚ್ಚಿದವನು ಮಗುವಾದರೂ ದೊಡ್ಡವನಾದರೂ ಡೋಸು ಒಂದೇ, ಏಕೆಂದರೆ ಹಾವು ಬಿಡುವ ವಿಷ ವಯಸ್ಸು ನೋಡುವುದಿಲ್ಲ. ಶುರುವಿಗೇ ಎಂಟರಿಂದ ಹತ್ತು ಬಾಟಲಿ ಬೇಕು.

ಮಂಡಲ ಕಚ್ಚಿದೆಯೋ ಎಂದು ತಿಳಿಯಲು ದೊಡ್ಡ ಲ್ಯಾಬು ಬೇಡ. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಎಂದೇ ಲೆಕ್ಕ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಇದನ್ನು ಮಾಡಬಹುದು. ಆದರೂ ಔಷಧಿ ಕಪಾಟಿನಲ್ಲಿದ್ದೂ "ದೊಡ್ಡಾಸ್ಪತ್ರೆಗೆ ಒಯ್ರಿ" ಎಂದು ಚೀಟಿ ಬರೆಯುವುದು ದೇಶದ ತುಂಬಾ ಇರುವ ರೋಗ. ಕಾರಣವೂ ಇಲ್ಲದಿಲ್ಲ: ಕುದುರೆಯ ರಕ್ತದ ಈ ಔಷಧಿ ಕೆಲವರಿಗೆ ಒಗ್ಗದೆ ಮೈ ದದ್ದು, ಉಸಿರುಕಟ್ಟು ಆಗಬಹುದು. ಒಬ್ಬನೇ ಕೂತ ಡಾಕ್ಟರಿಗೆ ಅದರ ಅಂಜಿಕೆ. ಪಕ್ಕದಲ್ಲಿ ಅಡ್ರಿನಲಿನ್ ಇಂಜೆಕ್ಷನ್ ತುಂಬಿ ಇಟ್ಟುಕೊಂಡು ಶುರು ಮಾಡಿರಿ ಎಂದು ನಿಯಮ ಇದೆ. ಮೊದಲ ಡೋಸು ಅಲ್ಲೇ ಏರಿಸಿ ಆಮೇಲೆ ರಾಯಚೂರಿಗೆ ಕಳಿಸುವುದಕ್ಕೂ, ಬರಿಗೈಯಲ್ಲಿ ಕಳಿಸುವುದಕ್ಕೂ ನಡುವೆ ಇರುವುದು ಒಂದು ಜೀವ.

ಲೆಕ್ಕಕ್ಕೆ ಸಿಗದ ಸಾವು

ಭಾರತದಲ್ಲಿ ಹಾವು ಕಚ್ಚಿ ಎಷ್ಟು ಜನ ಸಾಯುತ್ತಾರೆ ಎಂದು ಆಸ್ಪತ್ರೆಯ ಪುಸ್ತಕ ತೆಗೆದರೆ ಸಣ್ಣ ಸಂಖ್ಯೆ ಸಿಗುತ್ತದೆ. ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2000ದಿಂದ 2019ರವರೆಗೆ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಬಹುಪಾಲು ಹಳ್ಳಿಯವರು, ಆಸ್ಪತ್ರೆ ಮುಟ್ಟದವರು, ಸುಮಾರು ಅರ್ಧದಷ್ಟು ಮಳೆಗಾಲದವರು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ಅಧಿಸೂಚಿತ ಎಂದು ಸಾರಿತು. ಅಂದರೆ ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ, ಪ್ರತಿ ಸಾವನ್ನೂ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ವರದಿ ಮಾಡಲೇಬೇಕು. ಮರುತಿಂಗಳು ಕೇಂದ್ರ ಸರ್ಕಾರವೂ 2030ರೊಳಗೆ ಸಾವು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು.

ಕಾಗದದ ಮೇಲೆ ಬಂದದ್ದು ಏರಿಯ ಮೇಲೆ ಬರಬೇಕಲ್ಲ. ಮಂತ್ರದವನ ಬಾಗಿಲಲ್ಲಿ ಸತ್ತವನ ವರದಿ ಯಾರು ಮಾಡಬೇಕು? ಹಾವು ಕಚ್ಚಿ ಸತ್ತ ರೈತನ ಮನೆಯವರಿಗೆ ಕೃಷಿ ಇಲಾಖೆಯ ಮೂಲಕ 2 ಲಕ್ಷ ರೂಪಾಯಿ ಪರಿಹಾರ ಎಂದು ಆದೇಶ ಇದೆ. ಹೆಸರು ನೋಂದಾಯಿಸಿದ ಮೀನುಗಾರನಿಗೆ ಮತ್ಸ್ಯ ಸಂಪದ ಯೋಜನೆಯಲ್ಲಿ 5 ಲಕ್ಷದ ಅಪಘಾತ ವಿಮೆ. ಎರಡಕ್ಕೂ ಕಾಗದ ಬೇಕು. ಶವಪರೀಕ್ಷೆ ಆಗದ ಹೆಣಕ್ಕೆ ಕಾಗದ ಎಲ್ಲಿಂದ ಬರಬೇಕು? "ಹೆಂಗೂ ಹೋಗ್ಯಾನ, ಮತ್ಯಾಕ ಕೊಯ್ಸೋದು" ಎಂದು ಹಿರಿಯರು ಅನ್ನುತ್ತಾರೆ, ಸಂಜೆಯೊಳಗೆ ಮಣ್ಣಾಗುತ್ತದೆ. ಆರು ತಿಂಗಳ ಮೇಲೆ ಹೆಂಡತಿ ಅರ್ಜಿ ಹಿಡಿದು ಬಂದಾಗ ಗುಮಾಸ್ತ ಕೇಳುವ ಮೊದಲ ಮಾತು: "ಪಿಎಂ ರಿಪೋರ್ಟ್ ಎಲ್ಲದ ಬೇ ಯವ್ವಾ?" ಇಂಥ ಸಾವಾದಾಗ ಪೊಲೀಸ್ ಠಾಣೆಗೆ ತಿಳಿಸಿ ಶವಪರೀಕ್ಷೆ ಮಾಡಿಸಬೇಕು ಎಂದು ಗ್ರಾಮ ಪಂಚಾಯತಿಯವರು ಡಂಗುರ ಹಾಕಿಸಿದರೆ ಖರ್ಚೇನೂ ಬಹಳ ಆಗದು. ಸಣ್ಣ ಕೆರೆಯ ಮೀನಿನ ಹರಾಜಿಗೆ ಡಂಗುರ ಹಾಕಿಸುವವರೂ ಅವರೇ.

ಈ ವರ್ಷವೂ ಮಳೆ ಬರುತ್ತದೆ, ಕೆರೆಗೆ ನೀರು ಬಂದರೆ ಮೀನುಮರಿ ಬಿಡುತ್ತಾರೆ, ಸಂಜೆ ಬಲೆ ಬೀಳುತ್ತದೆ. ಹೊತ್ತಾರೆ ಬಲೆ ಎತ್ತುವಾಗ ನೀರಾವು ಬಂದೇ ಬರುತ್ತದೆ. ಅದನ್ನು ನೋಡಿ ಹುಡುಗರು ಕಿರಿಚುತ್ತಾರೆ. ಮೀನು ದಂಡೆಗೆ ತಂದು, ತೂಗಿ, ಬುಟ್ಟಿ ಹೊತ್ತು, ಜಾಲಿ ಕಂಟಿಗಳ ನಡುವಿನ ಕಾಲುದಾರಿ ಹಿಡಿದು ಎಲ್ಲರೂ ಊರ ಕಡೆಗೆ ಹೊರಡುತ್ತಾರೆ, ಬರಿಗಾಲಿನಲ್ಲಿ.